ಸಹಾಯ ಬೇಕು: ಮನೆತುಂಬ ಓಡಾಡುವ ಫೆರೆಟ್‌ಗಳು, ಡಿಶ್‌ವಾಷರ್ ಕೆಳಗಿನ ಸಂದು

ನಮಸ್ಕಾರ. ಇಂಗ್ಲೆಂಡಿನಲ್ಲಿ ಬಾಡಿಗೆ ಮನೆ, 2 ಫೆರೆಟ್ (ಮುಂಗುಸಿಯಂತೆ ಉದ್ದ ಮೈಯ ಸಾಕುಪ್ರಾಣಿ), ಪಂಜರ ಇಲ್ಲ. ಡಿಶ್‌ವಾಷರ್ ಕೆಳಗೆ 4 ಸೆಂ.ಮೀ. ಸಂದು ಇದೆ. ತಲೆ ತೂರಿದರೆ ಮೈಯೂ ತೂರಿತು ಅಂತಲೇ ಲೆಕ್ಕ. ಒಳಗೆ ಮೋಟಾರು, ವೈರು, ಪೈಪು. ಫೋಮ್, ಸಿಲಿಕೋನ್ ತುಂಬುವಂತಿಲ್ಲ: ರಬ್ಬರಿನಂಥದ್ದು ಸಿಕ್ಕರೆ ಕಚ್ಚಿ ನುಂಗುತ್ತವೆ, ಕರುಳಲ್ಲಿ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ. ಗೋಡೆ, ಕಪಾಟಿಗೆ ತೂತು ಕೊರೆಯಲು ಮಾಲೀಕರು ಬಿಡುವುದಿಲ್ಲ. ಸ್ಕ್ರೂ ಇಲ್ಲದೆ ಮರದ ಅಥವಾ ಅಲ್ಯೂಮಿನಿಯಂ ಪಟ್ಟಿ ಗಟ್ಟಿಯಾಗಿ ನಿಲ್ಲಿಸಿದವರು ಇದ್ದೀರಾ? ರಿಪೇರಿಗೆ ಬಿಚ್ಚಲೂ ಬರಬೇಕು.

ಇನ್ನೊಂದು: ಮೂಲೆಗೆ ಹಿಂದಹಿಂದಕ್ಕೆ ಸರಿದು, ಬಾಲ ಎತ್ತಿ, ಸರಿಯಾಗಿ ಕಕ್ಕಸಿನ ಟ್ರೇಯ ಒಂದಿಂಚು ಹೊರಗೇ ಮಾಡುತ್ತವೆ! ಮೂರು ಕಡೆ ಎತ್ತರದ ಟ್ರೇ ಇಟ್ಟರೆ ಈ ಅಭ್ಯಾಸ ನಿಲ್ಲುತ್ತದೆಯೇ? ಪಂಜರದ ಸಲಹೆ ಬೇಡ. ಸಂಜೆ ಬೆನ್ನು ಬಿಲ್ಲಾಗಿಸಿ, ಡುಕ್‌ಡುಕ್ ಎನ್ನುತ್ತ ಅಡ್ಡಡ್ಡ ಹಾರುವ ಕುಣಿತಕ್ಕೆ ಜಾಗ ಬೇಕು.