ಹಳೇ ಮಿನಿ ಟ್ರ್ಯಾಕ್ಟರ್: ಫೋರ್ ವೀಲ್ ಹಾಕಿದರೆ ಕಟಕಟ ಸದ್ದು, ಶಾಫ್ಟ್ ಹಲ್ಲು ಸವೆದಿವೆ

ತಿಕೋಟಾ ದ್ರಾಕ್ಷಿ:
ನಮಸ್ಕಾರ ರೀ. ದ್ರಾಕ್ಷಿ ತೋಟಕ್ಕೆ ಅಂತ ಸೆಕೆಂಡ್ ಹ್ಯಾಂಡ್ ಮಿನಿ ಟ್ರ್ಯಾಕ್ಟರ್ ತಗೊಂಡಿದ್ದೇವೆ, ಫೋರ್ ವೀಲ್ ಡ್ರೈವ್. ಹಳೇ ಗಾಡಿ, ಆದರೆ ಎಂಜಿನ್ ಚೆನ್ನಾಗಿದೆ. ಮುಂದಿನ ಎರಡೂ ಟೈರ್ ಹೊಸದು ಹಾಕಿಸಿಯೇ ಕೊಟ್ಟರು. ಈಗ ಫೋರ್ ವೀಲ್ ಲಿವರ್ ಹಾಕಿದರೆ ಗಾಡಿ ಕೆಳಗಿಂದ ಕಟಕಟ ಸದ್ದು. ಹಸಿ ಎರಿ ಮಣ್ಣಿನಲ್ಲಿ ಔಷಧಿ ಸಿಂಪಡಿಸುವ ಬ್ಲೋವರ್ ಎಳೆಯುವಾಗ ಹಿಂದಿನ ಗಾಲಿ ಜಾರುತ್ತವೆ, ಮುಂದಿನವು ತಿರುಗುವುದೇ ಇಲ್ಲ. ಲಿವರ್ ತೆಗೆದರೆ ಸದ್ದಿಲ್ಲ. ಮುಂದಿನ ಆಕ್ಸಲ್‌ಗೆ ಹೋಗುವ ಶಾಫ್ಟ್‌ನ ಹಲ್ಲು ಸವೆದಿವೆ, ಅದರ ತುದಿ ಕೂಡಿಸುವ ಕಪ್ಲಿಂಗ್‌ಗೆ ಸೇರಿಸಿ ವೆಲ್ಡಿಂಗ್ ಹೊಡೆದುಬಿಡೋಣ ಅಂತ ಊರಿನ ಮೆಕ್ಯಾನಿಕ್ ಹೇಳುತ್ತಿದ್ದಾರೆ. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಹತ್ತಿರ ಬಂತು. ಹೊಡೆಸಲಾ?

ಜಮಖಂಡಿ ಫಿಟ್ಟರ್:
ವೆಲ್ಡಿಂಗ್ ಬೇಡ ಅಣ್ಣಾ. ಕಪ್ಲಿಂಗ್ ಒಳಗೆ ಶಾಫ್ಟ್ ಸ್ವಲ್ಪ ಹಿಂದೆ ಮುಂದೆ ಸರಿಯಬೇಕು. ಬೆಸೆದುಬಿಟ್ಟರೆ ಆ ಒತ್ತಡವೆಲ್ಲ ಗೇರ್‌ಬಾಕ್ಸ್ ಬೇರಿಂಗ್ ಮತ್ತು ಆಯಿಲ್ ಸೀಲ್ ಮೇಲೆ ಬೀಳುತ್ತದೆ. ವೆಲ್ಡಿಂಗ್ ಕಾವಿಗೆ ಹಲ್ಲಿನ ಗಟ್ಟಿತನವೂ ಹೋಗುತ್ತದೆ. ಮುಂದೆ ಬಿಚ್ಚಬೇಕು ಅಂದರೆ ಗ್ರೈಂಡರ್ ಹಿಡಿದು ಕತ್ತರಿಸಬೇಕು.

ಮೊದಲು ಬಿಚ್ಚಿ ನೋಡಿ. ಸಮತಟ್ಟು ಜಾಗ, ಎಂಜಿನ್ ಬಂದ್, ಕೀಲಿ ಕೈ ಜೇಬಿನಲ್ಲಿ, ಹಿಂದಿನ ಗಾಲಿಗೆ ಎರಡೂ ಕಡೆ ಕಲ್ಲು. ಬರೀ ಜ್ಯಾಕ್ ನಂಬಿ ಕೆಳಗೆ ಮಲಗಬೇಡಿ, ದಪ್ಪ ಮರದ ತುಂಡು ಕೊಡಿ. ಶಾಫ್ಟ್ ಮೇಲಿನ ಕೊಳವೆ ಸರಿಸಿ. ಎರಡೂ ತುದಿಯಲ್ಲಿ ಶಾಫ್ಟ್ ಮತ್ತು ಕಪ್ಲಿಂಗ್ ಎರಡರ ಮೇಲೂ ಹಾಯುವಂತೆ ಚಾಕ್‌ಪೀಸಿನ ಗೆರೆ ಎಳೆಯಿರಿ. ಲಿವರ್ ಹಾಕಿ ಶಾಫ್ಟ್ ಅನ್ನು ಕೈಯಿಂದ ಆ ಕಡೆ ಈ ಕಡೆ ತಿರುಗಿಸಿ. ಗೆರೆ ತುಂಡಾದರೆ ಆ ತುದಿಯ ಹಲ್ಲು ಹೋಗಿವೆ ಅಂತ ಅರ್ಥ.

ಆಮೇಲೆ ಕಪ್ಲಿಂಗ್ ಜಾರದಂತೆ ಹಿಡಿದಿರುವ ಸರ್ಕ್ಲಿಪ್ (ಸ್ಪ್ರಿಂಗ್ ಬಳೆ) ಅಥವಾ ಪಿನ್ ತೆಗೆದು ಕಪ್ಲಿಂಗನ್ನು ಶಾಫ್ಟ್ ಮೇಲೆಯೇ ಹಿಂದಕ್ಕೆ ಜಾರಿಸಿದರೆ ಶಾಫ್ಟ್ ಕೆಳಗೆ ಇಳಿಯುತ್ತದೆ. ಒಳ್ಳೆಯ ಹಲ್ಲಿನ ತಲೆ ಚಪ್ಪಟೆ ಇರುತ್ತದೆ, ಸವೆದದ್ದು ಗರಗಸದ ಹಾಗೆ ಚೂಪಾಗಿರುತ್ತದೆ. ಗೇರ್‌ಬಾಕ್ಸಿನಿಂದ ಹೊರಬರುವ ತುದಿ, ಆಕ್ಸಲ್ ಪಿನಿಯನ್ (ಆಕ್ಸಲ್ ಒಳಗಿನ ಸಣ್ಣ ಗೇರ್) ತುದಿ ಎರಡನ್ನೂ ಬಟ್ಟೆಯಿಂದ ಒರೆಸಿ ನೋಡಲೇಬೇಕು. ಅವು ಸವೆದಿದ್ದರೆ ಹೊಸ ಕಪ್ಲಿಂಗನ್ನೂ ತಿಂದುಹಾಕುತ್ತವೆ.

ಇನ್ನೊಂದು ಮಾತು. ಮುಂದಿನ ಟೈರ್ ಹೊಸದು ಅಂದಿರಿ. ಹಿಂದಿನವು ಹೇಗಿವೆ?

ತಿಕೋಟಾ ದ್ರಾಕ್ಷಿ:
ಹಿಂದಿನವು ಬೋಳು ರೀ. ಅದಕ್ಕೂ ಶಾಫ್ಟಿಗೂ ಏನು ಸಂಬಂಧ?

ಜಮಖಂಡಿ ಫಿಟ್ಟರ್:
ಅಲ್ಲೇ ಇರೋದು ನೋಡ್ರಿ ರೋಗ. ಇಂಥ ಟ್ರ್ಯಾಕ್ಟರ್‌ನಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ ಗಾಲಿ ಹಿಂದಿನದಕ್ಕಿಂತ ಒಂಚೂರು ಜಾಸ್ತಿ ಓಡುವ ಹಾಗೆ ಗೇರ್ ಕೂಡಿಸಿರುತ್ತಾರೆ. ಸಾಮಾನ್ಯವಾಗಿ ಶೇಕಡಾ 1ರಿಂದ 5. ಮಣ್ಣಿನಲ್ಲಿ ಆ ವ್ಯತ್ಯಾಸ ಜಾರಿ ಹೋಗುತ್ತದೆ. ಹಿಂದಿನ ಟೈರ್ ಸವೆದು ಸಣ್ಣದಾಗಿ, ಮುಂದಿನದು ಹೊಸದಾಗಿ ದೊಡ್ಡದಾದರೆ ಆ ವ್ಯತ್ಯಾಸ ಏರುತ್ತದೆ. ಅದರಲ್ಲೂ ಡಾಂಬರು ರಸ್ತೆ ಮೇಲೆ ಲಿವರ್ ಹಾಕಿಯೇ ಓಡಿಸಿದರೆ ಟೈರ್ ಜಾರಲು ಜಾಗವಿಲ್ಲ. ಶಾಫ್ಟ್ ಹಲ್ಲೇ ಪೆಟ್ಟು ತಿನ್ನಬೇಕು.

ಶಾಫ್ಟ್ ಕೂಡಿಸಿದ ಮೇಲೆ ಅಳೆದು ನೋಡಿ. ಮೊದಲು ಟೈರ್ ಗಾಳಿ ಸರಿ ಮಾಡಿ. ಲಿವರ್ ತೆಗೆದು ನೇರವಾಗಿ ಓಡಿಸಿ, ಹಿಂದಿನ ಗಾಲಿ 10 ಸುತ್ತು ಹಾಕುವಷ್ಟರಲ್ಲಿ ಮುಂದಿನದು ಎಷ್ಟು ಸುತ್ತುತ್ತದೆ ಎಣಿಸಿ. ಸಡಿಲ ಮಣ್ಣಿನಲ್ಲಿ ಲಿವರ್ ಹಾಕಿ ಮತ್ತೆ ಎಣಿಸಿ. ಲಿವರ್ ಇಲ್ಲದೆ 16, ಹಾಕಿದಾಗ 16.5 ಬಂದರೆ ವ್ಯತ್ಯಾಸ ಶೇಕಡಾ 3ರ ಆಸುಪಾಸು, ಚಿಂತೆಯಿಲ್ಲ. 15.5 ಮತ್ತು 17 ಬಂದರೆ ಶೇಕಡಾ 9 ದಾಟಿತು. ಆಗ ಎಷ್ಟು ಶಾಫ್ಟ್ ಹಾಕಿದರೂ ಅಷ್ಟೇ.

ಅಥಣಿ ಕಬ್ಬು:
ಹಳೇ ಮಾಡೆಲ್‌ಗೆ ಶಾಫ್ಟ್ ಸಿಗದಿದ್ದರೆ ಬೆಳಗಾವಿ ಉದ್ಯಮಬಾಗದಲ್ಲಿ ಗೇರ್ ಕಟಿಂಗ್ ಮಾಡುವವರನ್ನು ವಿಚಾರಿಸಿ. ಹಳೇ ಶಾಫ್ಟ್, ಎರಡೂ ಕಪ್ಲಿಂಗ್ ಕೈಯಲ್ಲೇ ಒಯ್ಯಿರಿ. ಸುಮ್ನೆ ಫೋನಿನಲ್ಲಿ ಉದ್ದ ಹೇಳಿದರೆ ಆಗುವುದಿಲ್ಲ. ಸಾದಾ ಎಂಎಸ್ (ಮೆದು ಉಕ್ಕಿನ) ರಾಡ್‌ನಲ್ಲಿ ಮಾಡಿಸಬೇಡಿ, ಹುರಿಯಾಗಿ ತಿರುಚಿಕೊಳ್ಳುತ್ತದೆ. ಇಎನ್ 19 ಅಥವಾ ಇಎನ್ 24 ಉಕ್ಕು ಕೇಳಿ, ಹಲ್ಲು ಕತ್ತರಿಸಿದ ಮೇಲೆ ಹಾರ್ಡನಿಂಗ್ (ಕಾಯಿಸಿ ಗಟ್ಟಿ ಮಾಡುವುದು) ಮಾಡಿಸಿ. ಹಾರ್ಡನಿಂಗ್ ಬಿಟ್ಟು ಕೊಟ್ಟರೆ ರೊಕ್ಕ ಉಳಿದಂತೆ ಕಾಣುತ್ತದೆ, ಅಷ್ಟೇ.

ತಿಕೋಟಾ ದ್ರಾಕ್ಷಿ:
ಬಿಚ್ಚಿದೆವು. ಹಿಂದಿನ ಕಪ್ಲಿಂಗ್ ಒಳಗೆ ಹಲ್ಲೇ ಉಳಿದಿಲ್ಲ, ಶಾಫ್ಟಿನ ಆ ತುದಿಯೂ ಚೂಪಾಗಿದೆ. ಗೇರ್‌ಬಾಕ್ಸ್ ತುದಿ, ಪಿನಿಯನ್ ಎರಡೂ ಚೆನ್ನಾಗಿವೆ, ದೇವರು ದೊಡ್ಡವನು. ಕಪ್ಲಿಂಗ್ ಒಂದೇ ತಂದರೆ ಸಾಕಾ? ಹಿಂದಿನ ಟೈರ್ ಈಗಲೇ ತರುವಷ್ಟು ರೊಕ್ಕವಿಲ್ಲ.

ಜಮಖಂಡಿ ಫಿಟ್ಟರ್:
ಶಾಫ್ಟ್ ಮತ್ತು ಎರಡೂ ಕಪ್ಲಿಂಗ್ ಸೇರಿ ಒಂದೇ ಸೆಟ್ ಹಾಕಿ. ಹಳೇ ಹಲ್ಲಿಗೆ ಹೊಸ ಕಪ್ಲಿಂಗ್ ಕೂಡಿಸಿದರೆ ಮತ್ತೆ ಅದೇ ಸದ್ದು. ಹಲ್ಲಿಗೆ ಲಿಥಿಯಂ ಗ್ರೀಸ್ ಚೆನ್ನಾಗಿ ಬಳಿಯಿರಿ. ಪಿನ್, ಸರ್ಕ್ಲಿಪ್ ಹೊಸದೇ ಇರಲಿ. ಪಿನ್ ಸಿಗಲಿಲ್ಲ ಅಂತ ಮೊಳೆ ಹೊಡೆಯುವವರಿದ್ದಾರೆ, ಅದು ಕತ್ತರಿಸಿ ಹೋದರೆ ಕಪ್ಲಿಂಗ್ ಜಾರಿ ಬರುತ್ತದೆ. ಕೊಳವೆ ಒಳಗೆ ಗೇರ್ ಆಯಿಲ್ ಕಂಡರೆ ಈಗಲೇ ಸೀಲ್ ಬದಲಿಸಿ, ಮತ್ತೆ ಬಿಚ್ಚುವ ಕೆಲಸ ತಪ್ಪುತ್ತದೆ.

ಟೈರಿಗೆ ಅಗ್ಗದ ದಾರಿ ಇದೆ. ಆ ಹೊಸ ಮುಂದಿನ ಟೈರ್ ತೆಗೆದಿಡಿ. ಅದೇ ಅಳತೆಯ ಅರ್ಧ ಸವೆದ ಜೋಡಿ ಹಳೇ ಟೈರ್ ಅಂಗಡಿಯಲ್ಲಿ ನೋಡಿ, ಹಾಕಿ ಮತ್ತೆ ಸುತ್ತು ಎಣಿಸಿ. ಹಿಂದಿನವು ಹೊಸದು ಬಂದಾಗ, ತೆಗೆದಿಟ್ಟ ಹೊಸ ಮುಂದಿನ ಟೈರ್ ವಾಪಸ್ ಹಾಕಿದರಾಯಿತು. ಅಲ್ಲಿಯವರೆಗೆ ಲಿವರ್ ಹಸಿ ಮಣ್ಣಿನಲ್ಲಿ ಮಾತ್ರ. ರಸ್ತೆಗೆ ಏರುವ ಮೊದಲು ತೆಗೆಯಲು ಡ್ರೈವರ್‌ಗೂ ಹೇಳಿಡಿ.