ರೊಜೆಲ್ ಹಿಡಿದು ಕ್ರೇಪ್ ಹರಡೋಕೆ ಹೋದರೆ ಹಿಟ್ಟೇ ಎದ್ದು ಬರುತ್ತಿದೆ, ಗೊತ್ತಿದ್ದವರು ಹೇಳಿ

ತುಂಗಾತೀರ (ರೆನ್, ಫ್ರಾನ್ಸ್)

ಎಲ್ಲರಿಗೂ ನಮಸ್ಕಾರ. ಊರು ತೀರ್ಥಹಳ್ಳಿ ಹತ್ತಿರ, ಎರಡು ವರ್ಷದಿಂದ ರೆನ್‌ನಲ್ಲಿದ್ದೇನೆ. ಇದು ಬ್ರಿಟನಿ ಸೀಮೆ, ಕ್ರೇಪ್ ಅನ್ನುವ ತೆಳು ದೋಸೆಯಂಥ ತಿಂಡಿಯ ತವರು. ಶನಿವಾರ ಬೆಳಿಗ್ಗೆ ಲೀಸ್ ಸಂತೆಗೆ ಹೋದರೆ ಸಾಸೇಜ್ ಸುತ್ತಿದ ಗಲೆತ್ (ಬಕ್‌ವೀಟ್ ಅಂದರೆ ಕುಟ್ಟು ಹಿಟ್ಟಿನ ಕ್ರೇಪ್) ಒಂದು ಕೈಯಲ್ಲಿ, ತರಕಾರಿ ಚೀಲ ಇನ್ನೊಂದು ಕೈಯಲ್ಲಿ ಹಿಡಿದು ಓಡಾಡುವವರೇ ಜಾಸ್ತಿ.

ಫೆಬ್ರವರಿ 2ಕ್ಕೆ ಇಲ್ಲಿ ಶಾಂದ್ಲರ್ ಹಬ್ಬ. ಕ್ರಿಸ್‌ಮಸ್ ಆಗಿ 40 ದಿನಕ್ಕೆ ಬರುತ್ತದೆ, ಅವತ್ತು ಮನೆಮನೆಯಲ್ಲೂ ಕ್ರೇಪ್. ಕೆಳಗಿನ ಮನೆಯ ಅಜ್ಜಿ ನನ್ನನ್ನು ಕರೆದು, ಎಡಗೈಗೆ ಒಂದು ನಾಣ್ಯ ಕೊಟ್ಟು, ಬಲಗೈಯಲ್ಲಿ ಬಾಣಲೆ ಹಿಡಿಸಿ, ಹಾರಿಸಿ ಮಗುಚು ಅಂದರು. ಕೆಳಗೆ ಬೀಳದೆ ಮಗುಚಿಕೊಂಡರೆ ವರ್ಷವಿಡೀ ಕೈಯಲ್ಲಿ ದುಡ್ಡು ಇರುತ್ತದೆ ಅಂತ ನಂಬಿಕೆ. ಹೊರಡುವಾಗ ಅವರು ತಮ್ಮ ಹಳೇ ಮರದ ಸಾಮಾನು ಎರಡು ಕೊಟ್ಟರು. ಒಂದು ರೊಜೆಲ್, ಹಿಟ್ಟು ಹರಡೋಕೆ. ಅಂಗಳದಲ್ಲಿ ಭತ್ತ ಎಳೆಯುವ ಗೋರುಮಣೆ ಗೊತ್ತಲ್ಲ, ಅದನ್ನೇ ಅಂಗೈಯಷ್ಟು ಚಿಕ್ಕದು ಮಾಡಿದ ಹಾಗಿದೆ. ಇನ್ನೊಂದು ಸ್ಪನೆಲ್, ಕ್ರೇಪ್ ಎತ್ತಿ ಮಗುಚೋಕೆ, ಅಡಿಕೋಲಿನ ಹಾಗೆ ಉದ್ದ, ಚಪ್ಪಟೆ, ತುದಿ ಪೂರ್ತಿ ತೆಳ್ಳಗೆ. ಎರಡೂ ಬಳಸಿ ಬಳಸಿ ಜೇನಿನ ಬಣ್ಣಕ್ಕೆ ಬಂದಿವೆ.

ನನ್ನ ಹತ್ತಿರ 30 ಸೆಂ.ಮೀ. ಬೀಡಿನ ಕಾವಲಿ ಇದೆ, ಅಂಚು ಎದ್ದಿಲ್ಲ, ಸಪಾಟು. ಇಂಡಕ್ಷನ್ ಒಲೆ. ಮೈದಾ ಕ್ರೇಪ್ ಬೇರೆ ಬಾಣಲೆಯಲ್ಲಿ ಹುಯ್ದು ತಿರುಗಿಸಿದರೆ ಚೆನ್ನಾಗಿಯೇ ಬರುತ್ತದೆ. ಆದರೆ ಈ ಕಾವಲಿ ಮೇಲೆ ಬಕ್‌ವೀಟ್ ಹಿಟ್ಟು ಹಾಕಿ ರೊಜೆಲ್ ಎಳೆದರೆ, ಮೊದಲ ಸುತ್ತಿಗೇ ಕೆಳಗೆ ಅಂಟಿದ ಪದರ ಕಿತ್ತುಕೊಂಡು ರೊಜೆಲ್ ಜೊತೆಗೇ ಬರುತ್ತದೆ. ಮಧ್ಯೆ ತೂತು, ಸುತ್ತ ದಪ್ಪ ಗಟ್ಟಿ. ಮಗುಚೋಕೆ ಹೋದರೆ ಮೂರು ತುಂಡು. ಚಿಕ್ಕಂದಿನಿಂದ ದೋಸೆ ಹುಯ್ದ ಕೈ ಇದು, ಇದು ಮಾತ್ರ ಯಾಕೆ ಬರುತ್ತಿಲ್ಲ ಗೊತ್ತಾಗುತ್ತಿಲ್ಲ. ಹಿಟ್ಟು ಹುಳಿ ಬರಿಸಬೇಕಾ? ಮತ್ತೆ, ಈ ಮರದ ಸಾಮಾನು ತೊಳೆಯುವುದು ಹೇಗೆ? ಅಜ್ಜಿಯ ಕೈಯಲ್ಲಿ ಅಷ್ಟು ವರ್ಷ ಬಾಳಿದ್ದು ನನ್ನ ಹತ್ತಿರ ಹಾಳಾಗಬಾರದು.

---

ಕೆಂಪೇರ್_ಅಕ್ಕ

ನಾನು ಕೆಂಪೇರ್‌ನಲ್ಲಿ 11 ವರ್ಷದಿಂದ ಇದ್ದೇನೆ, ನಿಮ್ಮಿಂದ ಪಶ್ಚಿಮಕ್ಕೆ. ನಿಮ್ಮ ಕಡೆ ಗಲೆತ್ ಅನ್ನುವುದನ್ನು ನಮ್ಮ ಕಡೆಯವರು ಕಪ್ಪು ಗೋಧಿ ಕ್ರೇಪ್ ಅನ್ನುತ್ತಾರೆ, ಇನ್ನೂ ತೆಳ್ಳಗೆ, ಗರಿಗರಿಯಾಗಿ ಮಾಡುತ್ತಾರೆ. ಹೆಸರಲ್ಲಿ ಗೋಧಿ ಇದ್ದರೂ ಬಕ್‌ವೀಟ್ ಗೋಧಿಯ ಜಾತಿಯೇ ಅಲ್ಲ, ಅದರಲ್ಲಿ ಗ್ಲುಟನ್ ಇಲ್ಲ. ಹಿಡಿದುಕೊಳ್ಳುವ ಅಂಟು ಇಲ್ಲದ ಕಾರಣಕ್ಕೇ ನಿಮ್ಮದು ಹರಿಯುತ್ತಿರುವುದು.

ಆದರೆ ನಿಮ್ಮ ನಿಜವಾದ ತೊಂದರೆ ದೋಸೆ ಕೈ. ನನಗೂ ಮೊದಲ ವರ್ಷ ಹೀಗೇ ಆಗಿತ್ತು. ದೋಸೆ ಹುಯ್ಯುವಾಗ ಸೌಟಿನ ತಳವನ್ನು ಹಿಟ್ಟಿನ ಮೇಲೆ ಒತ್ತಿ ನಡುವಿನಿಂದ ಹೊರಗೆ ಸುತ್ತುತ್ತೇವೆ ಅಲ್ವಾ, ಅಲ್ಲಿ ಹಿಟ್ಟು ತರಿಯಾಗಿ, ಉಬ್ಬಿ, ಗಟ್ಟಿಯಾಗಿ ಇರುತ್ತದೆ, ಒತ್ತಿದರೆ ತಡೆದುಕೊಳ್ಳುತ್ತದೆ, ಗೆರೆ ಬಿದ್ದರೂ ಚೆಂದವೇ. ಕ್ರೇಪ್‌ನಲ್ಲಿ ಒತ್ತುವ ಹಾಗೇ ಇಲ್ಲ. ರೊಜೆಲ್ ಕಾವಲಿಯನ್ನು ಮುಟ್ಟಬಾರದು, ಹಿಟ್ಟಿನ ಮೇಲೆ ತೇಲಬೇಕು. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿಯಬೇಡಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಸಾಕು, ಪೆನ್ನು ಹಿಡಿದಷ್ಟು ಸಡಿಲ. ಅದರ ಭಾರ ಎಷ್ಟೋ ಅಷ್ಟೇ ಬೀಳಲಿ. ಹಿಟ್ಟು ರೊಜೆಲ್ ಮುಂದೆ ಒಂದು ಸಣ್ಣ ಅಲೆ ಥರ ಹೋಗಬೇಕು, ನೀವು ಆ ಅಲೆಯನ್ನು ಕಾವಲಿಯ ಸುತ್ತ ಒಂದೇ ದಿಕ್ಕಿಗೆ ಕರೆದುಕೊಂಡು ಹೋಗುತ್ತೀರಿ, ತೋಳಲ್ಲ, ಮಣಿಕಟ್ಟು ತಿರುಗಬೇಕು. ಅಲೆ ಮುಗಿದ ಮೇಲೆ ಮತ್ತೆ ಹಿಂದಕ್ಕೆ ಎಳೆಯಬೇಡಿ. ಅಷ್ಟರಲ್ಲಿ ತಳ ಹಿಡಿದಿರುತ್ತದೆ, ಎಳೆದರೆ ಕಿತ್ತು ಬರುತ್ತದೆ.

ಇನ್ನೊಂದು ಮುಖ್ಯವಾದದ್ದು: ರೊಜೆಲ್ ಒಣಗಿರಬಾರದು. ಪಕ್ಕದಲ್ಲಿ ಒಂದು ಪಾತ್ರೆ ನೀರು ಇಟ್ಟುಕೊಳ್ಳಿ. ಪ್ರತಿ ಕ್ರೇಪ್ ಆದ ಮೇಲೆ ಅದರಲ್ಲಿ ಅದ್ದಿ, ಅಂಟಿದ ಹಿಟ್ಟು ಪಾತ್ರೆಯ ಅಂಚಿಗೆ ಒರೆಸಿ, ನೀರು ಝಾಡಿಸಿ ಮುಂದಿನದಕ್ಕೆ ತೆಗೆದುಕೊಳ್ಳಿ. ಒಣ ಮರಕ್ಕೆ ಹಿಟ್ಟು ಅಂಟುತ್ತದೆ, ಒದ್ದೆ ಮರ ಜಾರುತ್ತದೆ. ಕ್ರೇಪ್ ಅಂಗಡಿಯಲ್ಲಿ ಗಮನಿಸಿ ನೋಡಿ, ರೊಜೆಲ್ ಯಾವಾಗಲೂ ನೀರಲ್ಲೇ ನಿಂತಿರುತ್ತದೆ.

ಹಿಟ್ಟಿನ ಅಳತೆ: 330 ಗ್ರಾಂ ಬಕ್‌ವೀಟ್ ಹಿಟ್ಟು, 10 ಗ್ರಾಂ ಕಲ್ಲುಪ್ಪು, 750 ಮಿ.ಲೀ. ತಣ್ಣೀರು, ಒಂದು ಮೊಟ್ಟೆ. ಮೊದಲು ಅರ್ಧ ನೀರು ಹಾಕಿ ಗಟ್ಟಿಯಾಗಿ ಕಲಸಿ ಚೆನ್ನಾಗಿ ಬಡಿಯಿರಿ. ಇಲ್ಲಿನ ಹಳಬರು ಪಾತ್ರೆಗೆ ಕೈ ಹಾಕಿ ಬಡಿಯುತ್ತಾರೆ, ನಮ್ಮಲ್ಲಿ ವಡೆ ಹಿಟ್ಟು ಬಡಿದ ಹಾಗೆ. ಮೈದಾ ಆದರೆ ಜಾಸ್ತಿ ಬಡಿದರೆ ರಬ್ಬರ್ ಆಗುತ್ತದೆ, ಬಕ್‌ವೀಟ್‌ಗೆ ಆ ಭಯ ಇಲ್ಲ. ಆಮೇಲೆ ಉಳಿದ ನೀರು ಸೇರಿಸಿ ಫ್ರಿಜ್‌ನಲ್ಲಿ ಎರಡು ಗಂಟೆಯಾದರೂ ಬಿಡಿ. ಹುಳಿ ಬರಿಸಬೇಕಾಗಿಲ್ಲ. ರಾತ್ರಿಯಿಡೀ ಬಿಟ್ಟರೆ ಮೇಲೆ ನೀರು ನಿಂತು ಬಣ್ಣ ಕಪ್ಪಾಗಿರುತ್ತದೆ, ಹಾಳಾಗಿದೆ ಅಂತ ಚೆಲ್ಲಬೇಡಿ, ಕಲಕಿದರೆ ಸರಿಹೋಗುತ್ತದೆ. ಕೈ ಕೂಡುವವರೆಗೆ ಬಕ್‌ವೀಟ್‌ನಲ್ಲಿ 50 ಗ್ರಾಂ ತೆಗೆದು ಅಷ್ಟೇ ಮೈದಾ ಹಾಕಿಕೊಳ್ಳಿ. ಅದರಲ್ಲಿ ನಾಚಿಕೆ ಏನೂ ಇಲ್ಲ, ಇಲ್ಲಿನ ಎಷ್ಟೋ ಮನೆಗಳಲ್ಲಿ ಹಾಗೇ ಮಾಡುತ್ತಾರೆ.

ಬೆಣ್ಣೆ ಮಾತ್ರ ಉಪ್ಪು ಬೆಣ್ಣೆಯೇ ಇರಲಿ. ಕ್ರಾಂತಿಗೆ ಮುಂಚೆ ಫ್ರಾನ್ಸಿನಲ್ಲಿ ಉಪ್ಪಿಗೆ ಗಬೆಲ್ ಅಂತ ತೆರಿಗೆ ಇತ್ತು, ಬ್ರಿಟನಿಗೆ ಅದರಿಂದ ವಿನಾಯಿತಿ ಇತ್ತು. ಇಲ್ಲಿ ಉಪ್ಪು ಅಗ್ಗ, ಬೆಣ್ಣೆಗೆ ಧಾರಾಳವಾಗಿ ಹಾಕಿದರು, ಆ ರುಚಿ ಇವತ್ತಿಗೂ ಬಿಟ್ಟಿಲ್ಲ. ಬಿಸಿ ಗಲೆತ್ ಮೇಲೆ ಸುಮ್ನೆ ಒಂದು ತುಂಡು ಉಪ್ಪು ಬೆಣ್ಣೆ ಕರಗಿಸಿ ತಿಂದು ನೋಡಿ, ಬೇರೆ ಏನೂ ಬೇಡ ಅನಿಸುತ್ತದೆ.

---

ಕುಂದಾಪ್ರ_ಕಾವಲಿ

ಅಷ್ಟೆಲ್ಲ ಯಾಕೆ? ನೀರ್‌ದೋಸೆ ಥರ ಹುಯ್ದು ಕಾವಲಿ ತಿರುಗಿಸಿದರೆ ಆಯ್ತಲ್ಲ. ನಮ್ಮನೆಯಲ್ಲಿ ಮಗಳು ಮೈದಾ ಕ್ರೇಪ್ ಹಾಗೇ ಮಾಡುತ್ತಾಳೆ, ತುಂಬಾ ಚೆನ್ನಾಗಿರುತ್ತದೆ. 250 ಗ್ರಾಂ ಮೈದಾ, 4 ಮೊಟ್ಟೆ, ಅರ್ಧ ಲೀಟರ್ ಹಾಲು, 50 ಗ್ರಾಂ ಕರಗಿಸಿದ ಬೆಣ್ಣೆ. ಒಂದು ಗಂಟೆ ಬಿಟ್ಟು ಹುಯ್ಯುವುದು. ರೊಜೆಲ್ಲೂ ಬೇಡ, ಏನೂ ಬೇಡ.

---

ಕೆಂಪೇರ್_ಅಕ್ಕ

ಕುಂದಾಪ್ರದವರೇ, ನಿಮ್ಮ ಮಾತು ಸರಿ. ಅಂಚು ಎದ್ದ ಬಾಣಲೆಗೆ ಅದೇ ಸರಿಯಾದ ದಾರಿ, ಇಲ್ಲಿನ ಮನೆಗಳಲ್ಲೂ ಮುಕ್ಕಾಲು ಪಾಲು ಹಾಗೇ ಮಾಡುವುದು. ಅಂಚಿಗೆ ರೊಜೆಲ್ ತಾಗಿದರೆ ಸುತ್ತು ಅಲ್ಲೇ ನಿಲ್ಲುತ್ತದೆ. ಆದರೆ ತುಂಗಾತೀರ ಅವರ ಕಾವಲಿ ಸಪಾಟು. ಬಿಲಿಗ್ ಅಂತಾರಲ್ಲ, ಇಲ್ಲಿನ ದೊಡ್ಡ ಬೀಡಿನ ಕಾವಲಿ, ಅದೂ ಹೀಗೇ. ಅದು 40 ಸೆಂ.ಮೀ. ಅಗಲ ಇರುತ್ತದೆ, ಎತ್ತಿ ತಿರುಗಿಸೋಕೆ ಆಗುವುದೇ ಇಲ್ಲ. ಕಾವಲಿಯನ್ನು ಅಲ್ಲಾಡಿಸೋಕೆ ಆಗಲ್ಲ ಅಂತಲೇ ರೊಜೆಲ್ ಬಂದಿದ್ದು.

---

ಉಳಿ_ಬಾಚಿ (ಬೆಂಗಳೂರು)

ನಾನು ಅಡುಗೆಯವನಲ್ಲ, ಮರಗೆಲಸ ನನ್ನ ಹವ್ಯಾಸ. ಹೋದ ವರ್ಷ ತಂಗಿಗೋಸ್ಕರ ರೊಜೆಲ್ ಮತ್ತು ಸ್ಪನೆಲ್ ನಾನೇ ಮಾಡಿಕೊಟ್ಟೆ. ಇಲ್ಲಿರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಅಳತೆ ಕಾವಲಿಯ ಮೇಲೆ ಹೋಗುತ್ತದೆ. ರೊಜೆಲ್‌ನ ಅಡ್ಡಪಟ್ಟಿ ಕಾವಲಿಯ ಅರ್ಧ ಅಗಲಕ್ಕಿಂತ ಸ್ವಲ್ಪ ಕಡಿಮೆ ಇರಬೇಕು. 30 ಸೆಂ.ಮೀ. ಕಾವಲಿಗೆ 13 ಸೆಂ.ಮೀ. ಮಾಡಿದೆ. ತುಂಗಾತೀರ ಅವರೇ, ನಿಮ್ಮ ಅಜ್ಜಿ ಕೊಟ್ಟಿದ್ದನ್ನು ಒಮ್ಮೆ ಅಳೆದು ನೋಡಿ. ಅವರದ್ದು ದೊಡ್ಡ ಬಿಲಿಗ್‌ಗೆ ಮಾಡಿದ್ದಾಗಿದ್ದರೆ ನಿಮ್ಮ ಕಾವಲಿಗೆ ಉದ್ದ ಜಾಸ್ತಿ ಆಗಿರಬಹುದು, ಆಗ ಎಷ್ಟು ಹಗುರ ಹಿಡಿದರೂ ನಡುವೆ ಕೆರೆಯುತ್ತದೆ.

ಮರದ ವಿಷಯ. ಮೊದಲು ಮನೆಯಲ್ಲಿದ್ದ ಹಲಸಿನ ತುಂಡಿನಲ್ಲಿ ಮಾಡಿದೆ. ನೋಡೋಕೆ ಬಂಗಾರ, ಆದರೆ ನೀರಲ್ಲಿ ಇಟ್ಟ ಸ್ವಲ್ಪ ಹೊತ್ತಿಗೇ ನೀರು ಹಳದಿ ಆಯಿತು. ಹಲಸಿನ ಚೇಗಿನಲ್ಲಿ ಬಣ್ಣ ಇರುತ್ತದೆ, ಹಿಂದೆ ಬಟ್ಟೆಗೆ ಬಣ್ಣ ಹಾಕೋಕೆ ಬಳಸುತ್ತಿದ್ದರು. ರೊಜೆಲ್ ನೀರಲ್ಲೇ ಇರಬೇಕಾದ ಸಾಮಾನು, ಹಾಗಾಗಿ ಅದನ್ನು ಬಿಟ್ಟೆ. ಫ್ರಾನ್ಸಿನಲ್ಲಿ ಬೀಚ್ (beech) ಅನ್ನುವ ಜಾತಿಯ ಮರದಲ್ಲಿ ಮಾಡುತ್ತಾರೆ. ಎಳೆ ಸಣ್ಣದು, ವಾಸನೆ ಇಲ್ಲ, ಬಣ್ಣ ಬಿಡಲ್ಲ. ಇಲ್ಲಿನ ಮರದ ಅಂಗಡಿಗಳಲ್ಲೂ ಸಿಗುತ್ತದೆ, ಪೀಠೋಪಕರಣದವರ ಹತ್ತಿರ ಕೇಳಿದರೆ ಒಂದು ತುಂಡು ಸುಮ್ನೆ ಕೊಡುತ್ತಾರೆ.

ಪಟ್ಟಿ 13 ಸೆಂ.ಮೀ. ಉದ್ದ, 3 ಸೆಂ.ಮೀ. ಎತ್ತರ, ಒಂದೂವರೆ ಸೆಂ.ಮೀ. ದಪ್ಪ. ಮೇಲಿನ ಅಂಚಿನ ಸರಿಯಾಗಿ ಮಧ್ಯಕ್ಕೆ 8 ಮಿ.ಮೀ. ತೂತು, ಅದಕ್ಕೆ 18 ಸೆಂ.ಮೀ. ಉದ್ದದ ಹಿಡಿ, ತುದಿ ಕೆತ್ತಿ ಬಿಗಿಯಾಗಿ ಕೂರಿಸಿದೆ. ಅಂಟು ಹಾಕಿಲ್ಲ. ಒದ್ದೆಯಾದಾಗ ಮರ ಉಬ್ಬಿ ತಾನೇ ಹಿಡಿದುಕೊಳ್ಳುತ್ತದೆ. ಕೆಳಗಿನ ಅಂಚು ದುಂಡಗೆ ಇರಲಿ, ಎರಡು ಮೂಲೆಯೂ ದುಂಡಗೆ, ಮೂಲೆ ಚೂಪಿದ್ದರೆ ಹಿಟ್ಟು ಗೀರುತ್ತದೆ.

ಈಗ ಎಲ್ಲರೂ ಬಿಡುವ ಕೆಲಸ. ಮರಳು ಕಾಗದದಲ್ಲಿ ಉಜ್ಜಿ ನಯ ಮಾಡಿದ ಮೇಲೆ ನೀರಲ್ಲಿ ಅದ್ದಿ ಒಣಗಿಸಿ. ಕೈಯಾಡಿಸಿದರೆ ಮತ್ತೆ ತರಿತರಿ ಇರುತ್ತದೆ, ಮರದ ಎಳೆಗಳು ಎದ್ದು ನಿಂತಿರುತ್ತವೆ. 320 ನಂಬರ್ ಕಾಗದದಲ್ಲಿ ಮತ್ತೆ ಉಜ್ಜಿ, ಮತ್ತೆ ಅದ್ದಿ. ಮೂರನೇ ಸಲಕ್ಕೆ ಎಳೆ ಏಳುವುದು ನಿಲ್ಲುತ್ತದೆ. ಇದು ಮಾಡದಿದ್ದರೆ ಮೊದಲ ದಿನವೇ ರೊಜೆಲ್ ಒರಟಾಗಿ ಹಿಟ್ಟು ಎಳೆಯೋಕೆ ಶುರು ಮಾಡುತ್ತದೆ. ವಾರ್ನಿಷ್, ಪಾಲಿಶ್ ಬೇಡವೇ ಬೇಡ.

ತೊಳೆಯುವುದು: ಬಿಸಿನೀರು, ಕೈಯಲ್ಲಿ ಉಜ್ಜಿ, ತಕ್ಷಣ ಒರೆಸಿ, ನಿಲ್ಲಿಸಿ ಒಣಗಿಸಿ. ಡಿಶ್‌ವಾಶರ್‌ಗೆ ಹಾಕಬೇಡಿ, ಸ್ಪನೆಲ್ ಬಿಲ್ಲಿನ ಹಾಗೆ ಬಾಗಿ ಹೋಗುತ್ತದೆ. ಕೆಲಸದ ಹೊತ್ತಲ್ಲಿ ನೀರಲ್ಲಿರಲಿ, ರಾತ್ರಿಯಿಡೀ ನೆನೆಹಾಕಬೇಡಿ, ಸೀಳು ಬಿಡುತ್ತದೆ.

ಬಕ್‌ವೀಟ್ ಹಿಟ್ಟು ಬೆಂಗಳೂರಿನಲ್ಲಿ ಕುಟ್ಟು ಹಿಟ್ಟು ಅಂತ ಸಿಗುತ್ತದೆ. ಉತ್ತರದವರು ಉಪವಾಸಕ್ಕೆ ಬಳಸುತ್ತಾರಲ್ಲ, ಅದೇ. ನವರಾತ್ರಿ ಸಮಯದಲ್ಲಿ ತಾಜಾ ಸಿಗುತ್ತದೆ.

---

ಕುಂದಾಪ್ರ_ಕಾವಲಿ

ಉಳಿ ಬಾಚಿ ಅವರೇ, ನೀರಲ್ಲಿ ಅದ್ದಿ ಉಜ್ಜುವ ವಿಷಯ ಗೊತ್ತೇ ಇರಲಿಲ್ಲ. ಮನೆಯಲ್ಲಿ ಹೊಸ ಮರದ ಸಟ್ಟುಗ ಒಂದು ಒರಟಾಗಿದೆ ಅಂತ ಮೂಲೆಗೆ ಹಾಕಿದ್ದೆವು, ಇವತ್ತೇ ಮಾಡಿ ನೋಡುತ್ತೇನೆ. ತುಂಗಾತೀರ, ಕಾವಲಿ ಕಾವು ಎಷ್ಟು ಇಡುತ್ತಿದ್ದೀರಿ? ನನಗೆ ಅದರ ಮೇಲೆ ಅನುಮಾನ. ತಳ ಅಷ್ಟು ಬೇಗ ಹಿಡಿಯುತ್ತಿದೆ ಅಂದರೆ ಕಾವು ಜಾಸ್ತಿ.

---

ತುಂಗಾತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಮಾಡಿದೆ.

ಮೊದಲು ಅಳೆದೆ. ರೊಜೆಲ್ 18 ಸೆಂ.ಮೀ. ಇದೆ! ನನ್ನ ಕಾವಲಿಯ ಅರ್ಧ 15 ಮಾತ್ರ. ಅಜ್ಜಿಯದನ್ನು ಕತ್ತರಿಸುವ ಮನಸ್ಸು ಬರಲಿಲ್ಲ, ಗೋಡೆಗೆ ನೇತುಹಾಕಿದೆ, ದೊಡ್ಡ ಕಾವಲಿ ಕೊಂಡಾಗ ಇಳಿಸುತ್ತೇನೆ. ಅಂಗಡಿಯಿಂದ ಚಿಕ್ಕದು ಒಂದು ತಂದೆ.

ಕಾವಿನ ವಿಷಯ ಕುಂದಾಪ್ರದವರು ಹೇಳಿದ್ದೇ ನಿಜ. ನಾನು ಇಂಡಕ್ಷನ್ ಪೂರ್ತಿ ಏರಿಸಿ ಎರಡೇ ನಿಮಿಷಕ್ಕೆ ಹುಯ್ಯುತ್ತಿದ್ದೆ, ಬೀಡು ಮಧ್ಯೆ ಮಾತ್ರ ಕಾದು ಅಂಚು ತಣ್ಣಗಿರುತ್ತಿತ್ತು. ಈ ಸಲ ಸಣ್ಣ ಕಾವಿನಲ್ಲಿ ಹತ್ತು ನಿಮಿಷ ಬಿಟ್ಟು, ಎಣ್ಣೆ ಬಟ್ಟೆಯಲ್ಲಿ ಒರೆಸಿ ಶುರು ಮಾಡಿದೆ. 50 ಗ್ರಾಂ ಮೈದಾ ಸೇರಿಸಿದ್ದೆ. ಮೊದಲ ಎರಡು ಹರಿದವು. ಮೂರನೆಯದಕ್ಕೆ ರೊಜೆಲ್ ಹಿಡಿಯನ್ನು ಬರೀ ಎರಡು ಬೆರಳಲ್ಲಿ ಹಿಡಿದೆ, ಒತ್ತೋಕೆ ಸಾಧ್ಯವೇ ಆಗದ ಹಾಗೆ. ಆಗ ಆ ಅಲೆ ಕಾಣಿಸಿತು ಅಕ್ಕ! ಹಿಟ್ಟು ತಾನಾಗಿ ಮುಂದೆ ಮುಂದೆ ಓಡಿ ಅಂಚಿನವರೆಗೂ ಹೋಯಿತು. ಒಂದು ನಿಮಿಷಕ್ಕೆ ಮೇಲೆಲ್ಲ ಸಣ್ಣ ಸಣ್ಣ ಕಣ್ಣು ಬಿದ್ದು, ಸುತ್ತಲಿನ ಅಂಚು ತಾನೇ ಎದ್ದು ಬಂತು. ಸ್ಪನೆಲ್ ಅನ್ನು ಅಂಚಿನಿಂದ ನಡುವಿನವರೆಗೆ ತೂರಿಸಿ ಎತ್ತಿದರೆ ಕ್ರೇಪ್ ಎರಡೂ ಕಡೆ ಒದ್ದೆ ಬಟ್ಟೆ ಥರ ಜೋತು ಬಿತ್ತು, ಹರಿಯಲಿಲ್ಲ.

ಮಗುಚಿ, ಮೊಟ್ಟೆ ಒಡೆದು ಹಾಕಿ, ಬಿಳಿ ಭಾಗ ಬೇಗ ಬೇಯಲಿ ಅಂತ ಸ್ಪನೆಲ್ ತುದಿಯಲ್ಲಿ ಸುತ್ತ ಹರಡಿ, ಎಮಂಟಾಲ್ ಚೀಸ್ ತುರಿದು ಹಾಕಿ, ನಾಲ್ಕು ಅಂಚು ಒಳಗೆ ಮಡಚಿದೆ. ಹಳದಿ ಮಧ್ಯೆ ಹಾಗೇ ಉಳಿಯಿತು. ಇನ್ನೊಂದನ್ನು ಉಪ್ಪು ಬೆಣ್ಣೆ ಮಾತ್ರ ಹಾಕಿ ಕೆಳಗೆ ಅಜ್ಜಿಗೆ ಕೊಟ್ಟು ಬಂದೆ. ಅವರು ಬೆಳಕಿಗೆ ಎತ್ತಿ ಹಿಡಿದು ನೋಡಿ, ಮುಂದಿನ ಸಲ ಮೈದಾ ಇಲ್ಲದೆ ಮಾಡಿ ತಾ ಅಂದರು.

ಅಕ್ಕ, ಮೈದಾ ಪೂರ್ತಿ ಬಿಡುವುದಾದರೆ ನೀರು ಅಷ್ಟೇ ಇರಲಾ, ಸ್ವಲ್ಪ ಕಡಿಮೆ ಮಾಡಲಾ?

---

ಕೆಂಪೇರ್_ಅಕ್ಕ

ಅಷ್ಟೇ ಇರಲಿ. ಆದರೆ ಎರಡು ಗಂಟೆ ಸಾಲದು, ರಾತ್ರಿಯೇ ಕಲಸಿಡಿ. ಬೆಳಿಗ್ಗೆ ಸೌಟಲ್ಲಿ ಎತ್ತಿ ಬಿಟ್ಟು ನೋಡಿ, ಎಳೆ ಕಡಿಯದೆ ಒಂದೇ ಧಾರೆಯಾಗಿ ಇಳಿದರೆ ಸರಿ ಇದೆ. ಗಟ್ಟಿ ಅನಿಸಿದರೆ ಎರಡು ಚಮಚ ನೀರು, ಅದಕ್ಕಿಂತ ಜಾಸ್ತಿ ಬೇಡ. ಬಣ್ಣ ಸಾಲದು ಅನಿಸಿದರೆ ಒಂದು ಸಣ್ಣ ಚಮಚ ಜೇನು ಹಾಕಿ.