‘ಹರ್ಟ್’ ಹಾಡಿನ ಮೂಲ ಯಾವುದು, ಯಾವ ಆವೃತ್ತಿಯನ್ನು ಹಾಡುವುದು ಒಳ್ಳೆಯದು?

ಪ್ರಶ್ನೆ: ಕಾಲೇಜಿನ ಸಂಗೀತ ಸಂಜೆಯಲ್ಲಿ ನನ್ನ ಮಗಳು ‘ಹರ್ಟ್’ ಹಾಡಬೇಕೆಂದಿದ್ದಾಳೆ. ಅವಳು ಕೇಳಿರುವುದು ಅಮೆರಿಕದ ಕಂಟ್ರಿ ಗಾಯಕ ಜಾನಿ ಕ್ಯಾಶ್ ಹಾಡಿದ್ದನ್ನು ಮಾತ್ರ. ಅದು ನಿಜಕ್ಕೂ ಒಂದು ಇಂಡಸ್ಟ್ರಿಯಲ್ ರಾಕ್ (ಯಂತ್ರಗಳಂಥ ಸದ್ದು ಬೆರೆತ ರಾಕ್) ತಂಡದ ಹಾಡು ಎಂದು ಗೆಳತಿಯರು ಹೇಳಿದ ಮೇಲೆ ಗೊಂದಲಕ್ಕೆ ಬಿದ್ದಿದ್ದಾಳೆ. ಒಂದೇ ಒಂದು ಗಿಟಾರ್ ಇರುತ್ತದೆ. ಯಾವ ಆವೃತ್ತಿಯನ್ನು ಅನುಸರಿಸಬೇಕು? ಹಾಡಿ, ನುಡಿಸಿ ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಗೆಳತಿಯರ ಮಾತು ಸರಿ. ಈ ಹಾಡನ್ನು ಬರೆದವರು ನೈನ್ ಇಂಚ್ ನೇಲ್ಸ್ ತಂಡದ ಟ್ರೆಂಟ್ ರೆಜ್ನರ್. 1994ರ ಮಾರ್ಚ್‌ನಲ್ಲಿ ಬಂದ ‘ದಿ ಡೌನ್‌ವರ್ಡ್ ಸ್ಪೈರಲ್’ ಆಲ್ಬಮ್‌ನ 14 ಹಾಡುಗಳಲ್ಲಿ ಇದು ಕೊನೆಯದು. ಲಾಸ್ ಏಂಜಲೀಸ್‌ನ ಸಿಯೆಲೊ ಡ್ರೈವ್‌ನಲ್ಲಿ, 1969ರಲ್ಲಿ ನಟಿ ಶರಾನ್ ಟೇಟ್ ಕೊಲೆಯಾದ ಮನೆಯನ್ನು ಬಾಡಿಗೆಗೆ ಹಿಡಿದು, ಅಲ್ಲಿಯೇ ಸ್ಟುಡಿಯೊ ಹಾಕಿಕೊಂಡು ರೆಜ್ನರ್ ಈ ಆಲ್ಬಮ್‌ನ ಬಹುಭಾಗವನ್ನು ಸಿದ್ಧಪಡಿಸಿದರು. ಈ ಹಾಡಿನ ಬಗ್ಗೆ ಬರೆಯುವವರೆಲ್ಲ ಆ ಮನೆಯ ಕಥೆಗೇ ಜೋತುಬೀಳುತ್ತಾರೆ. ನನ್ನ ಮಟ್ಟಿಗೆ ಹಾಡು ಆಲ್ಬಮ್‌ನ ಎಲ್ಲಿ ಕುಳಿತಿದೆ ಎನ್ನುವುದೇ ಹೆಚ್ಚು ಮುಖ್ಯ. ಒಬ್ಬ ಮನುಷ್ಯ ತನ್ನನ್ನು ತಾನೇ ಹಂತಹಂತವಾಗಿ ನಾಶಮಾಡಿಕೊಳ್ಳುವ ಕಥೆಯನ್ನು ಯಂತ್ರಗಳ ಸದ್ದು, ಒಡೆದ ಗಿಟಾರ್, ಕಿರುಚಾಟಗಳ ನಡುವೆ ಹೇಳಿ ಮುಗಿಸಿದ ಮೇಲೆ ಈ ಹಾಡು ಪಿಸುದನಿಯಲ್ಲಿ ಶುರುವಾಗುತ್ತದೆ. ಇದೊಂದನ್ನೇ ಬಿಡಿಯಾಗಿ ಕೇಳಿದರೆ ಅದು ಬರಿಯ ದುಃಖದ ಹಾಡು. ಹಿಂದಿನ 13 ಹಾಡುಗಳ ಗದ್ದಲವನ್ನು ದಾಟಿ ಬಂದವರಿಗೆ ಆ ಪಿಸುದನಿಯ ಮೇಲೆ ಪೂರ್ತಿ ನಂಬಿಕೆ ಬರುವುದಿಲ್ಲ. ಆ ಅನುಮಾನ ಸರಿಯೇ, ಏಕೆಂದರೆ ಕೊನೆಯ ಸಾಲಿನ ಹೊತ್ತಿಗೆ ಗಿಟಾರ್ ಸಿಡಿದು, ಆಮೇಲೆ ಒಂದು ನಿಮಿಷಕ್ಕೂ ಹೆಚ್ಚು ಕಾಲ ಬರೀ ಗುಂಯ್‌ಗುಡುವ ಸದ್ದು ಉಳಿಯುತ್ತದೆ. ಮಗಳು ಆಲ್ಬಮ್ಮನ್ನು ಒಮ್ಮೆಯಾದರೂ ಮೊದಲಿನಿಂದ ಕೇಳಲಿ. ಹಾಡಿನಲ್ಲಿ ಮಾದಕ ವಸ್ತುವಿನ ಚಟ ಮತ್ತು ತನಗೆ ತಾನೇ ಗಾಯ ಮಾಡಿಕೊಳ್ಳುವ ಪ್ರಸ್ತಾಪ ಇರುವುದರಿಂದ, ಕಾಲೇಜಿನಲ್ಲಿ ಕಾರ್ಯಕ್ರಮ ನೋಡಿಕೊಳ್ಳುವವರಿಗೆ ಸಾಹಿತ್ಯವನ್ನು ಮುಂಚೆಯೇ ತೋರಿಸುವುದು ಕ್ಷೇಮ.

ಉತ್ತರ 2: ನಾನು ಕರ್ನಾಟಕ ಸಂಗೀತ ಕಲಿತು ಆಮೇಲೆ ಗಿಟಾರ್ ಹಿಡಿದವನು, ಎರಡೂ ಆವೃತ್ತಿಗಳನ್ನು ನುಡಿಸಿದ್ದೇನೆ. ಮೂಲದಲ್ಲಿ ಕಿವಿಗೆ ಚುಚ್ಚುವ ಒಂದು ಸ್ವರವಿದೆ. ‘ಬಿ’ಯನ್ನು ಷಡ್ಜವೆಂದುಕೊಂಡರೆ ಅದು ಪ್ರತಿಮಧ್ಯಮ. ರಾಗದಲ್ಲಿ ಅದಕ್ಕೊಂದು ದಾರಿ ಇರುತ್ತದೆ, ಪಂಚಮಕ್ಕೆ ಹೋಗಿ ನಿಲ್ಲುತ್ತದೆ. ಇಲ್ಲಿ ಗಿಟಾರ್ ಅದನ್ನು ಷಡ್ಜದ ಜೊತೆಯಲ್ಲೇ ಮೀಟಿ, ಎಲ್ಲಿಗೂ ಒಯ್ಯದೆ ಬಿಟ್ಟುಬಿಡುತ್ತದೆ. ಹಾಡುವವರಿಗೆ ಆಧಾರ ಶ್ರುತಿಯೇ ಅಲುಗಿದಂತಾಗುತ್ತದೆ. ಕ್ಯಾಶ್ ಅವರ ಆವೃತ್ತಿಯಲ್ಲಿ ಆ ಸ್ವರವೇ ಇಲ್ಲ. ಅದರ ಕಾರ್ಡ್‌ಗಳು (ಒಟ್ಟಿಗೆ ಮೀಟುವ ಸ್ವರಗುಚ್ಛಗಳು) ಹೀಗಿವೆ: ಪಲ್ಲವಿಗೆ ಮುಂಚಿನ ಸಾಲುಗಳಿಗೆ ಎ ಮೈನರ್, ಸಿ, ಡಿ. ಪಲ್ಲವಿಗೆ ಎ ಮೈನರ್, ಎಫ್, ಸಿ, ಜಿ. ಹೊಸದಾಗಿ ಕಲಿತವರ ಕೈಗೂ ಕೂರುವ ಕಾರ್ಡ್‌ಗಳು. ಪಲ್ಲವಿ ಏರುತ್ತ ಹೋದಂತೆ ಪಿಯಾನೊ ಒಂದೇ ಸ್ವರವನ್ನು ಬಡಿಯುತ್ತಿರುತ್ತದೆ, ತೂಕವೆಲ್ಲ ಅಲ್ಲಿದೆ. ಒಂದೇ ಗಿಟಾರ್ ಇದ್ದಾಗ ಹೆಬ್ಬೆರಳಿನಿಂದ ಕೆಳಸ್ವರವನ್ನು ಬಿಡದೆ ಮೀಟುತ್ತ, ಬರಬರುತ್ತ ಬಲ ಹೆಚ್ಚಿಸಿದರೆ ಅದರ ಕೊರತೆ ಅಷ್ಟಾಗಿ ಕಾಣುವುದಿಲ್ಲ.

ಉತ್ತರ 3: ಮೇಲಿನವರ ಮಾತಿಗೆ ಇನ್ನಷ್ಟು ಸೇರಿಸುತ್ತೇನೆ. ಕ್ಯಾಶ್ ಅವರಿಗೆ ಈ ಹಾಡನ್ನು ಸೂಚಿಸಿದವರು ನಿರ್ಮಾಪಕ ರಿಕ್ ರೂಬಿನ್; ಮೂಲದ ಗದ್ದಲ ಕೇಳಿ ಕ್ಯಾಶ್ ಮೊದಲು ಹಿಂಜರಿದಿದ್ದರು. 2002ರಲ್ಲಿ ಅದು ಆಲ್ಬಮ್‌ನಲ್ಲಿ ಬಂದಾಗ ಅವರಿಗೆ 70 ವರ್ಷ. ರೆಜ್ನರ್ ತಮ್ಮ ಹಾಡನ್ನು ಹೊರತಂದಾಗ ಅವರಿಗೆ 28. ಕಿರೀಟದ ಸಾಲಿನಲ್ಲಿದ್ದ ಹೊಲಸು ಮಾತನ್ನು ಕ್ಯಾಶ್ ತೆಗೆದು ಮುಳ್ಳಿನ ಕಿರೀಟ ಮಾಡಿದರು, ಹಾಡು ಆ ಒಂದು ಸಾಲಿನಿಂದಲೇ ಬೈಬಲ್ಲಿನ ಕಡೆ ತಿರುಗಿತು. ಕ್ಯಾಶ್ ಅವರ ಆವೃತ್ತಿಗೆ ವಿಡಿಯೊ ಮಾಡಿದ ಮಾರ್ಕ್ ರೊಮನೆಕ್ ಅವರೇ 1994ರಲ್ಲಿ ರೆಜ್ನರ್ ಅವರ ‘ಕ್ಲೋಸರ್’ ಹಾಡಿಗೂ ವಿಡಿಯೊ ಮಾಡಿದ್ದವರು. ಮುಚ್ಚಿಹೋಗಿದ್ದ ಕ್ಯಾಶ್ ವಸ್ತುಸಂಗ್ರಹಾಲಯ, ನಡುಗುವ ಕೈ, ಮೆಟ್ಟಿಲ ಮೇಲೆ ನಿಂತು ನೋಡುವ ಪತ್ನಿ ಜೂನ್: ಇವನ್ನು ನೋಡಿದ ಮೇಲೆ, ಮೊದಲು ಮುಜುಗರಪಟ್ಟಿದ್ದ ರೆಜ್ನರ್ ಕೂಡ ಹಾಡು ಇನ್ನು ತಮ್ಮದಲ್ಲ ಎಂದರು. ಪತ್ನಿ ಜೂನ್ ಅವರು 2003ರ ಮೇ ತಿಂಗಳಲ್ಲಿ, ಕ್ಯಾಶ್ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು.

ಆದರೂ ಇದನ್ನು ಎರಡೇ ಆವೃತ್ತಿಗಳ ಹಾಡೆಂದುಕೊಳ್ಳುವುದು ತಪ್ಪು. 1995ರ ಅಮೆರಿಕದ ಪ್ರವಾಸದಲ್ಲಿ ರೆಜ್ನರ್ ಮತ್ತು ಬ್ರಿಟಿಷ್ ಗಾಯಕ ಡೇವಿಡ್ ಬೋವಿ ಒಂದೇ ವೇದಿಕೆಯಲ್ಲಿ ಇದನ್ನು ಹಂಚಿಕೊಂಡು ಹಾಡುತ್ತಿದ್ದರು. ಇಬ್ಬರು ಹಾಡಿದಾಗ ಒಂಟಿತನದ ಸಾಲುಗಳು ಒಂದು ಬಗೆಯ ಸಂಭಾಷಣೆಯಾಗುತ್ತವೆ. 2002ರಲ್ಲಿ ಬಂದ ನೈನ್ ಇಂಚ್ ನೇಲ್ಸ್‌ನ ಲೈವ್ ಆಲ್ಬಮ್ ಕೂಡ ಇದರಲ್ಲೇ ಮುಗಿಯುತ್ತದೆ. 2011ರಲ್ಲಿ ಬ್ರಿಟಿಷ್ ಗಾಯಕಿ ಲಿಯೋನಾ ಲೂಯಿಸ್ ಹಾಡಿದ್ದು ಚೊಕ್ಕವಾಗಿದೆ, ನನಗೆ ಅತಿಯಾಗಿ ನಯ ಅನ್ನಿಸಿತು. ಹೆಣ್ಣುದನಿಗೆ ಯಾವ ಶ್ರುತಿ ಹೊಂದುತ್ತದೆ ಎಂದು ತಿಳಿಯಲು ಮಾತ್ರ ಅದನ್ನು ಕೇಳಬಹುದು.

ಉತ್ತರ 4: ಕಾರ್ಡ್‌ಗಳನ್ನು ಕ್ಯಾಶ್ ಅವರಿಂದ ತೆಗೆದುಕೊಳ್ಳಲಿ, ಮೊದಲ ಸಾಲುಗಳ ಪಿಸುದನಿಯನ್ನು ರೆಜ್ನರ್ ಅವರಿಂದ. ಮುದುಕರ ಒಡಕು ದನಿಯನ್ನು ಅನುಕರಿಸುವುದು ಬೇಡ, ಕಾಲೇಜು ಹುಡುಗಿಗೆ ಅದು ಒಪ್ಪುವುದಿಲ್ಲ. ಎ ಮೈನರ್ ತೀರ ಕೆಳಗಾದರೆ ಗಿಟಾರ್‌ಗೆ ಕ್ಯಾಪೊ (ತಂತಿಗಳನ್ನು ಅದುಮಿ ಹಿಡಿಯುವ ಕ್ಲಿಪ್) ಹಾಕಿ ಶ್ರುತಿ ಏರಿಸಿಕೊಳ್ಳಲಿ. ಮೈಕ್ ಹತ್ತಿರ ನಿಂತು ಮೆಲ್ಲಗೆ ಹಾಡಬೇಕಾದ ಹಾಡಾದ್ದರಿಂದ ಧ್ವನಿವರ್ಧಕದವರೊಡನೆ ಮೊದಲೇ ಒಮ್ಮೆ ಪರೀಕ್ಷಿಸಿಕೊಳ್ಳಬೇಕು.